ಗರಣೆ ಕಟ್ಟದ ಕಾಲರಾ

ಬೆಂಗಳೂರಿನಿಂದ ಹೊಸೂರು, ಶೂಲಗಿರಿ ದಾಟಿ ಬಂದ ಹೆದ್ದಾರಿ ಕೃಷ್ಣಗಿರಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಪೂರ್ವಕ್ಕೆ ತಿರುಗಿ ವಾಣಿಯಂಬಾಡಿ, ಆಂಬೂರು ಹಾದು ವೇಲೂರಿಗೆ, ಅಲ್ಲಿಂದ ಮದ್ರಾಸಿಗೆ ಹೋಗುತ್ತದೆ. ಇನ್ನೊಂದು ದಕ್ಷಿಣಕ್ಕೆ ಧರ್ಮಪುರಿ, ಸೇಲಂ ಹಿಡಿದು ಮಧುರೆಯತ್ತ ಸಾಗುತ್ತದೆ. 1992ರ ಕೊನೆಯ ತಿಂಗಳುಗಳಲ್ಲಿ ಈ ಎರಡು ದಾರಿಗಳ ಮೇಲಿನ ಮೂರು ಊರುಗಳಲ್ಲಿ, ಅಂದರೆ ಮದ್ರಾಸು, ವೇಲೂರು, ಮಧುರೆಗಳಲ್ಲಿ, ವಾಂತಿಭೇದಿ ಹಬ್ಬಿತು. ರೋಗಿಯನ್ನು ನೋಡಿದರೆ ಕಾಲರಾ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಅಕ್ಕಚ್ಚಿನ ಬಣ್ಣದ ಭೇದಿ, ಗುಳಿಬಿದ್ದ ಕಣ್ಣು, ಸುಕ್ಕುಗಟ್ಟಿದ ಬೆರಳು, ಕೆಲವೇ ಗಂಟೆಗಳಲ್ಲಿ ಕೈಗೆ ಸಿಗದಂತಾಗುವ ನಾಡಿ, ಎಲ್ಲವೂ ಪುಸ್ತಕದಲ್ಲಿ ಬರೆದಿಟ್ಟಂತೆಯೇ ಇದ್ದವು. ಲ್ಯಾಬಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಕೂಡ ವಿಬ್ರಿಯೋ ಕಾಲರೇ ಜಾತಿಯದೇ. ಆದರೆ ಕಾಲರಾ ಹೌದೋ ಅಲ್ಲವೋ ಎಂದು ತೀರ್ಪು ಕೊಡುವ ಕೊನೆಯ ಪರೀಕ್ಷೆಯಲ್ಲಿ, ಸ್ಲೈಡಿನ ಮೇಲೆ ಸೀರಂ ಹನಿಸಿದಾಗ, ಏನೂ ಆಗಲಿಲ್ಲ. ಹನಿ ಹಾಗೆಯೇ ಮಂಕಾಗಿ ಉಳಿಯಿತು.

ಆ ಪರೀಕ್ಷೆಯ ಮಾತಿಗೆ ಎದುರಾಡುವವರು ಅಲ್ಲಿಯವರೆಗೆ ಇರಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಲ್ಯಾಬುಗಳೆಲ್ಲ ಅದನ್ನೇ ನಂಬಿದ್ದವು. ಅದರ ಅಡಿಪಾಯ ಹಾಕಿದ ಇಬ್ಬರಲ್ಲಿ ಒಬ್ಬರು ಮದ್ರಾಸಿನವರು. ಕಟ್ಟಿದ ಕೈಯೂ ಮದ್ರಾಸಿನದು, ಬಿರುಕು ಮೊದಲು ಕಂಡದ್ದೂ ಮದ್ರಾಸಿನಲ್ಲೇ.

ಹೊಸೂರು, ಕೃಷ್ಣಗಿರಿ ಸೀಮೆಗೆ ಕಾಲರಾ ಹಳೆಯ ಪರಿಚಯ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಗುವವರೆಗೆ, ಈ ತಾಲ್ಲೂಕುಗಳು ಸೇಲಂ ಜಿಲ್ಲೆಯಲ್ಲಿದ್ದವು; 2004ರಲ್ಲಿ ಕೃಷ್ಣಗಿರಿಯೇ ಜಿಲ್ಲೆಯಾಯಿತು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನೂ ಮದ್ರಾಸ್ ಪ್ರಾಂತ್ಯವನ್ನೂ ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಸೇಲಂ ಒಂದು. ಮಳೆ ಕೈಕೊಟ್ಟಿತು, ಕೆರೆ ಬತ್ತಿತು, ತಳದ ಬಗ್ಗಡವೇ ಕುಡಿಯುವ ನೀರಾಯಿತು. ಹಸಿದವರು ಗಂಜಿ ಕೇಂದ್ರಗಳಿಗೂ ಪರಿಹಾರದ ಕಾಮಗಾರಿಗಳಿಗೂ ಹಿಂಡುಹಿಂಡಾಗಿ ನಡೆದರು. ಅವರ ಜೊತೆ ರೋಗವೂ ನಡೆಯಿತು. 1877ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕಾಲರಾ ಲಕ್ಷಗಟ್ಟಲೆ ಜನರನ್ನು ನುಂಗಿತು. ಹಸಿವಿನಿಂದ ಸತ್ತವರಾರು, ಭೇದಿಯಿಂದ ಸತ್ತವರಾರು ಎಂದು ಬೇರ್ಪಡಿಸುವುದೇ ಆಗದಷ್ಟು ಅವೆರಡೂ ಹೆಣೆದುಕೊಂಡಿದ್ದವು.

ರೋಗಕ್ಕೆ ಕಾರಣವಾದ ಜೀವಿಯನ್ನು ರಾಬರ್ಟ್ ಕಾಕ್ ಕೈಗೆ ಹಿಡಿದದ್ದು ಇದಾದ ಐದಾರು ವರ್ಷಗಳ ನಂತರ. 1883ರಲ್ಲಿ ಈಜಿಪ್ಟಿನಲ್ಲಿ ಹುಡುಕಾಟ ಶುರು ಮಾಡಿ, ಆ ವರ್ಷದ ಕೊನೆಗೆ ಕಲ್ಕತ್ತೆಗೆ ಬಂದು, ರೋಗಿಗಳ ಕರುಳಿನಲ್ಲೂ ಜನ ಬಳಸುವ ಕೊಳದ ನೀರಿನಲ್ಲೂ ಬಾಗಿದ ಸಣ್ಣ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟ. ಇಟಲಿಯ ಫಿಲಿಪ್ಪೊ ಪಾಚಿನಿ 1854ರಲ್ಲೇ ಅದನ್ನು ಕಂಡಿದ್ದ, ಆಗ ಯಾರೂ ಕಿವಿಗೊಟ್ಟಿರಲಿಲ್ಲ. ಕಾಕ್‌ನ ನಂತರ ಹೊಸ ತಲೆನೋವು ಎದ್ದಿತು. ನದಿಯಲ್ಲಿ, ಬಾವಿಯಲ್ಲಿ, ಆರೋಗ್ಯವಂತರ ಹೊಟ್ಟೆಯಲ್ಲಿ ಹುಡುಕಿದರೆ ಇಂಥ ಬಾಗಿದ ಬ್ಯಾಕ್ಟೀರಿಯಾಗಳು ಬೇಕಾದಷ್ಟು ಸಿಕ್ಕವು. ಆಕಾರ ಅದೇ, ಓಡಾಟ ಅದೇ, ಸಕ್ಕರೆ ಹುಳಿಸುವ ಗುಣವೂ ಹೆಚ್ಚುಕಡಿಮೆ ಅದೇ. ಅವುಗಳಲ್ಲಿ ಕಾಲರಾ ತರುವುದು ಯಾವುದು, ಸಾಧು ಯಾವುದು ಎಂದು ಹೇಳುವುದು ಹೇಗೆ?

ಉತ್ತರ ಬಂದದ್ದು ರಕ್ತದಿಂದ. 1896ರಲ್ಲಿ ವಿಯೆನ್ನಾದಲ್ಲಿ ಮ್ಯಾಕ್ಸ್ ಗ್ರೂಬರ್ ಮತ್ತು ಅವನ ಬಳಿ ಕೆಲಸಕ್ಕೆ ಬಂದಿದ್ದ ಇಂಗ್ಲಿಷ್ ಯುವಕ ಹರ್ಬರ್ಟ್ ಡರ್ಹಮ್ ಒಂದು ಸಂಗತಿಯನ್ನು ಪ್ರಕಟಿಸಿದರು. ಒಂದು ಬ್ಯಾಕ್ಟೀರಿಯಾವನ್ನು ಚುಚ್ಚಿಸಿಕೊಂಡ ಪ್ರಾಣಿಯ ಸೀರಂ ತೆಗೆದು ಅದೇ ಬ್ಯಾಕ್ಟೀರಿಯಾದ ದ್ರವಕ್ಕೆ ಬೆರೆಸಿದರೆ, ಅಲ್ಲಿಯವರೆಗೆ ಸ್ವತಂತ್ರವಾಗಿ ಈಜಾಡುತ್ತಿದ್ದ ಜೀವಿಗಳು ಒಂದಕ್ಕೊಂದು ಅಂಟಿ ಗರಣೆ ಕಟ್ಟುತ್ತವೆ. ಬೇರೆ ಬ್ಯಾಕ್ಟೀರಿಯಾಕ್ಕೆ ಬೆರೆಸಿದರೆ ಹಾಗಾಗುವುದಿಲ್ಲ. ಬ್ಯಾಕ್ಟೀರಿಯಾದ ಮೈಮೇಲಿರುವ ನಿರ್ದಿಷ್ಟ ರಚನೆಗಳನ್ನು, ಅಂದರೆ ಆಂಟಿಜೆನ್‌ಗಳನ್ನು, ಸೀರಂನಲ್ಲಿರುವ ಆಂಟಿಬಾಡಿಗಳು ಹುಡುಕಿ ಹಿಡಿಯುತ್ತವೆ. ಒಂದೊಂದು ಆಂಟಿಬಾಡಿಗೂ ಹಿಡಿಯಲು ಒಂದಕ್ಕಿಂತ ಹೆಚ್ಚು ತಾಣಗಳಿರುವುದರಿಂದ ಎರಡು ಬ್ಯಾಕ್ಟೀರಿಯಾಗಳ ನಡುವೆ ಅದು ಕೊಂಡಿಯಾಗುತ್ತದೆ, ಕೊಂಡಿಗಳು ಸೇರಿ ಗರಣೆಯಾಗುತ್ತದೆ.

ಅದೇ ವರ್ಷ ಪ್ಯಾರಿಸಿನಲ್ಲಿ ಫರ್ನಾಂಡ್ ವಿಡಾಲ್ ಇದನ್ನು ತಿರುಗುಮುರುಗು ಮಾಡಿದ. ಗೊತ್ತಿರುವ ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕೆ ರೋಗಿಯ ಸೀರಂ ಬೆರೆಸಿದರೆ ಗರಣೆ ಕಟ್ಟುತ್ತದೋ ಇಲ್ಲವೋ ನೋಡಿ ರೋಗ ಗುರುತಿಸಬಹುದು ಎಂದು ತೋರಿಸಿದ. ಜ್ವರ ವಾರ ದಾಟಿದರೆ ನಮ್ಮ ಪೇಟೆಯ ಲ್ಯಾಬುಗಳು ಇವತ್ತಿಗೂ ಬರೆದು ಕೊಡುವ ‘ವೈಡಾಲ್’ ಚೀಟಿ ಅದೇ. ಆ ಚೀಟಿಯಲ್ಲಿ ಟಿ.ಓ., ಟಿ.ಎಚ್. ಎಂದು ಕಾಣುವ ಓ ಮತ್ತು ಎಚ್ ಬ್ಯಾಕ್ಟೀರಿಯಾದ ಎರಡು ಬಗೆಯ ಆಂಟಿಜೆನ್‌ಗಳು. ಎಚ್ ಇರುವುದು ಅದು ಈಜಲು ಬಳಸುವ ಬಾಲದಲ್ಲಿ. ಓ ಇರುವುದು ಮೈಯ ಹೊರಗೋಡೆಯ ಮೇಲೆ ಚಾಚಿಕೊಂಡ ಸಕ್ಕರೆಯ ಸರಪಳಿಗಳಲ್ಲಿ. ಕುದಿಸಿದರೆ ಬಾಲದ ಪ್ರೋಟೀನು ಕೆಡುತ್ತದೆ, ಸಕ್ಕರೆಯ ಸರಪಳಿ ಉಳಿಯುತ್ತದೆ. ಈ ಸಣ್ಣ ವ್ಯತ್ಯಾಸವೇ ಮುಂದೆ ಕಾಲರಾದ ಗೋಜಲು ಬಿಡಿಸಿತು.

ಮದ್ರಾಸಿನ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟ್ ಸಿಡುಬಿನ ಲಸಿಕೆ ತಯಾರಿಸಲೆಂದು 1899ರಲ್ಲಿ ಹುಟ್ಟಿದ ಸಂಸ್ಥೆ. ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಆಗಿದ್ದ ಡಬ್ಲ್ಯು. ಜಿ. ಕಿಂಗ್ ಅವರ ಹೆಸರು ಅದಕ್ಕಿದೆ. ಪ್ರಾಂತ್ಯದ ಮೂಲೆಮೂಲೆಯ ಕಾಲರಾ ಮಾದರಿಗಳು ಬಂದು ಬೀಳುತ್ತಿದ್ದ ಆ ಸಂಸ್ಥೆಯ ಕೆ. ವಿ. ವೆಂಕಟರಾಮನ್ 1930ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಎ. ಡಿ. ಗಾರ್ಡನರ್ ಜೊತೆ ಕೆಲಸ ಮಾಡಿದರು. ಇಬ್ಬರೂ ಸೇರಿ ಬೇರೆ ಬೇರೆ ಕಡೆಯಿಂದ ತಂದ ವಿಬ್ರಿಯೋಗಳನ್ನು ಓ ಮತ್ತು ಎಚ್ ಎರಡರ ಲೆಕ್ಕದಲ್ಲೂ ಪರೀಕ್ಷಿಸಿದರು.

1935ರಲ್ಲಿ ‘ಜರ್ನಲ್ ಆಫ್ ಹೈಜೀನ್’ನಲ್ಲಿ ಪ್ರಕಟವಾದ ಅವರ ಪ್ರಬಂಧ ಗೊಂದಲಕ್ಕೆ ಒಂದು ಶಿಸ್ತು ತಂದಿತು. ಕಾಲರಾ ತರುವ ವಿಬ್ರಿಯೋಗೂ ಅದರ ಸಾಧು ನೆಂಟರಿಗೂ ಬಾಲದ ಎಚ್ ಆಂಟಿಜೆನ್ ಒಂದೇ. ಹಾಗಾಗಿ ಜೀವಂತ ಬ್ಯಾಕ್ಟೀರಿಯಾದಿಂದ ತಯಾರಿಸಿದ ಸೀರಂ ಎಲ್ಲವನ್ನೂ ಒಟ್ಟಿಗೆ ಗರಣೆ ಕಟ್ಟಿಸಿ ದಾರಿ ತಪ್ಪಿಸುತ್ತಿತ್ತು. ಕುದಿಸಿದ ಬ್ಯಾಕ್ಟೀರಿಯಾದಿಂದ ತಯಾರಿಸಿದ ಸೀರಂ ಓ ಆಂಟಿಜೆನ್ನನ್ನು ಮಾತ್ರ ಹಿಡಿಯುತ್ತದೆ. ಅದರಿಂದ ನೋಡಿದಾಗ ವಿಬ್ರಿಯೋಗಳು ಹಲವು ಗುಂಪುಗಳಾಗಿ ಒಡೆದವು. ಕಾಲರಾ ರೋಗಿಗಳಿಂದ ಬಂದವೆಲ್ಲ ಒಂದೇ ಗುಂಪಿಗೆ ಬಿದ್ದವು. ಅದಕ್ಕೆ ಒಂದನೆಯ ಗುಂಪು ಎಂದು ಹೆಸರಾಯಿತು. ಇಂದಿನ ಭಾಷೆಯಲ್ಲಿ ಓ-1.

ವೆಂಕಟರಾಮನ್ ಮದ್ರಾಸಿಗೆ ಮರಳಿ ಇನ್ನೊಂದು ಉಪಕಾರ ಮಾಡಿದರು. ದೂರದ ಊರಿನ ರೋಗಿಯ ಮಲ ಲ್ಯಾಬು ಮುಟ್ಟುವ ಹೊತ್ತಿಗೆ ಅದರಲ್ಲಿನ ವಿಬ್ರಿಯೋ ಸತ್ತಿರುತ್ತಿತ್ತು. 1941ರಲ್ಲಿ ಅವರೂ ರಾಮಕೃಷ್ಣನ್ ಅವರೂ ಸಮುದ್ರದ ಉಪ್ಪು ಸೇರಿಸಿದ ಒಂದು ಕ್ಷಾರೀಯ ದ್ರಾವಣವನ್ನು ರೂಪಿಸಿದರು. ಅದರಲ್ಲಿ ಬೇರೆ ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುವುದಿಲ್ಲ, ವಿಬ್ರಿಯೋ ಸಾಯುವುದಿಲ್ಲ. ವಿ.ಆರ್. ದ್ರವ ಎಂಬ ಹೆಸರಿನಲ್ಲಿ ಅದು ಇಂದಿಗೂ ಸೂಕ್ಷ್ಮಜೀವಶಾಸ್ತ್ರದ ಪಠ್ಯದಲ್ಲಿದೆ.

ಓ-1 ಪರೀಕ್ಷೆ ಹೇಗೆ ನಡೆಯುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಲದ ಮಾದರಿಯನ್ನು ಕ್ಷಾರೀಯ ಪೆಪ್ಟೋನ್ ನೀರಿಗೆ ಹಾಕಿ ಆರೆಂಟು ಗಂಟೆ ದೇಹದ ಬಿಸಿಯಲ್ಲಿ ಇಡುತ್ತಾರೆ. ವಿಬ್ರಿಯೋ ಬೇಗ ಬೆಳೆದು ನೀರಿನ ಮೇಲ್ಪದರಕ್ಕೆ ಬರುತ್ತದೆ. ಆ ಪದರದಿಂದ ತಂತಿಯ ಲೂಪಿನಲ್ಲಿ ಒಂದಿಷ್ಟು ತೆಗೆದು ಟಿ.ಸಿ.ಬಿ.ಎಸ್. ಎಂಬ ಹಸಿರು ಅಗರಿನ ಮೇಲೆ ಗೀಚಿದರೆ ಮರುದಿನ ಬೆಳಿಗ್ಗೆ ಹಳದಿ ಕಾಲನಿಗಳು ಎದ್ದಿರುತ್ತವೆ. ಅವನ್ನು ಸಾದಾ ಅಗರಿನ ಮೇಲೆ ಮತ್ತೊಮ್ಮೆ ಬೆಳೆಸಿಕೊಳ್ಳುತ್ತಾರೆ. ಆಮೇಲೆ ಸ್ಲೈಡು. ಗಾಜಿನ ಮೇಲೆ ಸಲೈನಿನ ಎರಡು ಹನಿ ಇಟ್ಟು, ಎರಡರಲ್ಲೂ ಬ್ಯಾಕ್ಟೀರಿಯಾ ಕದಡುತ್ತಾರೆ. ಎರಡೂ ಒಂದೇ ಹದದಲ್ಲಿ ಬೆಳ್ಳಗೆ ಮಂಕಾಗಬೇಕು. ಒಂದು ಹನಿಗೆ ಮಾತ್ರ ಓ-1 ಸೀರಂ ಬೆರೆಸಿ, ಸ್ಲೈಡನ್ನು ಬೆಳಕಿಗೆ ಹಿಡಿದು ನಿಧಾನ ಓಲಾಡಿಸುತ್ತಾರೆ. ಓ-1 ಆಗಿದ್ದರೆ ಒಂದು ನಿಮಿಷದೊಳಗೆ ಮಂಕು ಒಡೆದು, ತಿಳಿಯಾದ ನೀರಿನಲ್ಲಿ ಬಿಳಿ ಕಣಗಳು ತೇಲುತ್ತವೆ. ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟ. ಸೀರಂ ಇಲ್ಲದ ಪಕ್ಕದ ಹನಿ ಮಂಕಾಗಿಯೇ ಇರಬೇಕು, ಅದೂ ಒಡೆದರೆ ಬ್ಯಾಕ್ಟೀರಿಯಾ ತಾನಾಗಿ ಅಂಟಿಕೊಂಡಿದೆ ಎಂದರ್ಥ, ಪರೀಕ್ಷೆ ಲೆಕ್ಕಕ್ಕಿಲ್ಲ.

ಆ ಸೀರಂ ಹುಟ್ಟುವುದು ಮೊಲದ ಮೈಯಲ್ಲಿ. ಕುದಿಸಿ ಸಾಯಿಸಿದ ಓ-1 ಬ್ಯಾಕ್ಟೀರಿಯಾವನ್ನು ಮೊಲಕ್ಕೆ ಹಲವು ಸಲ ಚುಚ್ಚಿ, ಆಂಟಿಬಾಡಿ ಏರಿದ ಮೇಲೆ ರಕ್ತ ತೆಗೆದು ಸೀರಂ ಬೇರ್ಪಡಿಸುತ್ತಾರೆ. ಬೇರೆ ಗುಂಪುಗಳನ್ನೂ ಹಿಡಿಯುವ ಆಂಟಿಬಾಡಿ ಅದರಲ್ಲಿದ್ದರೆ, ಆ ಗುಂಪಿನ ಬ್ಯಾಕ್ಟೀರಿಯಾವನ್ನೇ ಸೀರಂಗೆ ಬೆರೆಸಿ, ಅಂಟಿಕೊಂಡದ್ದನ್ನು ತೆಗೆದು ಹಾಕುತ್ತಾರೆ. ಉಳಿದದ್ದು ಓ-1 ಒಂದನ್ನೇ ಬಲ್ಲ ಸೀರಂ. ಜಪಾನಿನವರು ಓ-1 ಒಳಗೇ ಓಗಾವಾ, ಇನಾಬಾ, ಹಿಕೊಜಿಮಾ ಎಂಬ ಉಪಬಗೆಗಳನ್ನೂ ಇದೇ ಉಪಾಯದಿಂದ ಗುರುತಿಸಿದರು.

ಇಂಥ ಸೀರಂ ಪರೀಕ್ಷೆಗೂ ರೋಗಕ್ಕೂ ಹೊಂದಿಕೆಯಾಗದ ಪ್ರಸಂಗ 1905ರಲ್ಲೇ ಒಮ್ಮೆ ನಡೆದಿತ್ತು. ಸಿನಾಯ್ ತೀರದ ಎಲ್ ಟೋರ್ ಎಂಬಲ್ಲಿ ಹಜ್ ಯಾತ್ರಿಕರ ಕ್ವಾರಂಟೈನ್ ಠಾಣೆಯಿತ್ತು. ಅಲ್ಲಿ ಸತ್ತ, ಆದರೆ ಕಾಲರಾ ಲಕ್ಷಣವಿಲ್ಲದ ಯಾತ್ರಿಕರ ಕರುಳಿನಿಂದ ಗಾಟ್‌ಶ್ಲಿಕ್ ಎಂಬ ವೈದ್ಯ ತೆಗೆದ ವಿಬ್ರಿಯೋಗಳು ಕಾಲರಾ ಸೀರಂನಿಂದ ಸರಿಯಾಗಿ ಗರಣೆ ಕಟ್ಟಿದವು. ಸೀರಂ ಹೌದೆಂದಿತು, ರೋಗ ಇಲ್ಲವೆಂದಿತು. ತಜ್ಞರು ದಶಕಗಟ್ಟಲೆ ವಾದ ಮಾಡಿ ಎಲ್ ಟೋರ್ ನಿಜವಾದ ಕಾಲರಾ ಅಲ್ಲ ಎಂದು ಪಕ್ಕಕ್ಕಿಟ್ಟರು. 1961ರಲ್ಲಿ ಇಂಡೋನೇಷ್ಯಾದ ಸುಲಾವೆಸಿಯಿಂದ ಅದೇ ಎಲ್ ಟೋರ್ ಹೊರಟು ಏಳನೆಯ ಜಾಗತಿಕ ಕಾಲರಾ ಪಿಡುಗನ್ನು ಶುರುಮಾಡಿದ ಮೇಲೆ, 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಕಾಲರಾ ಎಂದು ಒಪ್ಪಿತು. 1964ರಲ್ಲಿ ಅದು ಭಾರತಕ್ಕೆ ಬಂತು. 1991ರ ಜನವರಿಯಲ್ಲಿ ಪೆರು ತೀರ ಮುಟ್ಟಿ, ಸುಮಾರು ಒಂದು ಶತಮಾನ ಕಾಲರಾ ಕಾಣದ ದಕ್ಷಿಣ ಅಮೆರಿಕವನ್ನು ಆವರಿಸಿತು.

ಎಲ್ ಟೋರ್ ಓ-1 ಗುಂಪಿನದೇ ಆದ್ದರಿಂದ, ಅದರ ಗೆಲುವು ಸೀರಂ ಪರೀಕ್ಷೆಯ ಮರ್ಯಾದೆಯನ್ನು ಇನ್ನಷ್ಟು ಏರಿಸಿತು. ಇನ್ನೊಂದು ಕಡೆ ಜಪಾನಿನ ಸಕಾಝಾಕಿ, ಶಿಮಾಡಾ ಮೊದಲಾದವರು ಓ-2, ಓ-3 ಎಂದು ಗುಂಪುಗಳ ಪಟ್ಟಿ ಬೆಳೆಸುತ್ತ ಹೋದರು. 1992ರ ಹೊತ್ತಿಗೆ ಅದು 138ಕ್ಕೆ ಮುಟ್ಟಿತ್ತು. ಓ-1 ಬಿಟ್ಟು ಉಳಿದ 137 ಗುಂಪುಗಳನ್ನು ಒಟ್ಟಿಗೆ ‘ಗರಣೆ ಕಟ್ಟದವು’ ಎಂದೂ ‘ಕಾಲರಾ ಅಲ್ಲದವು’ ಎಂದೂ ಕರೆದು ಬದಿಗಿಡುವುದು ರೂಢಿಯಾಯಿತು. ಅವು ಆಗೊಮ್ಮೆ ಈಗೊಮ್ಮೆ ಒಬ್ಬಿಬ್ಬರಿಗೆ ಭೇದಿ ಮಾಡಿಸಬಹುದು, ಊರಿಗೆ ಊರನ್ನೇ ಹಿಡಿಯಲಾರವು ಎಂಬುದು ಒಪ್ಪಿತ ಮಾತು. 1965ರಲ್ಲಿ ಚೆಕೊಸ್ಲೊವಾಕಿಯಾದಲ್ಲೂ 1968ರಲ್ಲಿ ಸುಡಾನಿನಲ್ಲೂ ಓ-37 ಎಂಬ ಗುಂಪು ಭೇದಿ ಹಬ್ಬಿಸಿತ್ತು. ಅದು ಅಲ್ಲಲ್ಲಿಗೇ ತಣ್ಣಗಾದ್ದರಿಂದ ಅಪವಾದವೆಂದು ಮರೆತರು. ಹೀಗೆ, ‘ಇದು ಓ-1 ಹೌದೇ?’ ಎಂಬ ಲ್ಯಾಬಿನ ಪ್ರಶ್ನೆ ‘ಇದು ಕಾಲರಾ ಹೌದೇ?’ ಎಂಬ ಪ್ರಶ್ನೆಯ ಜಾಗದಲ್ಲಿ ಸದ್ದಿಲ್ಲದೆ ಕೂತುಬಿಟ್ಟಿತು.

1992ರ ಅಕ್ಟೋಬರಿನಲ್ಲಿ ಮದ್ರಾಸಿನಲ್ಲಿ ಭೇದಿ ಹೆಚ್ಚಿದಾಗ ಆ ರೂಢಿಗೆ ಮೊದಲ ಪೆಟ್ಟು ಬಿತ್ತು. ರೋಗಿಗಳಿಂದ ಬೆಳೆದ ವಿಬ್ರಿಯೋ ಓ-1 ಸೀರಂಗೆ ಜಪ್ಪಯ್ಯ ಎಂದರೂ ಗರಣೆ ಕಟ್ಟಲಿಲ್ಲ. ಒಬ್ಬಿಬ್ಬರಲ್ಲಿ ಹೀಗಾದರೆ ಬದಿಗಿಡಬಹುದಿತ್ತು. ಸಾಲುಸಾಲು ರೋಗಿಗಳಲ್ಲಿ ಹೀಗಾಗುತ್ತಿತ್ತು, ಮಧುರೆಯಲ್ಲೂ ವೇಲೂರಿನಲ್ಲೂ ಅದೇ ಕತೆ.

ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಕತೆಯಲ್ಲಿ ಬರುವುದಕ್ಕೆ ಕಾರಣವಿದೆ. 1900ರಲ್ಲಿ ಐಡಾ ಸ್ಕಡ್ಡರ್ ಎಂಬ ಮಿಷನರಿ ವೈದ್ಯೆ ಶುರುಮಾಡಿದ ಚಿಕ್ಕ ದವಾಖಾನೆಯಿಂದ ಬೆಳೆದ ಆಸ್ಪತ್ರೆ ಅದು. ಹೊಸೂರು, ಕೃಷ್ಣಗಿರಿ, ಕೋಲಾರದ ಕಡೆಯ ಕನ್ನಡ ಮನೆಗಳಲ್ಲಿ ದೊಡ್ಡ ಕಾಯಿಲೆ ಬಂದರೆ ‘ರಾಯವೇಲೂರಿಗೆ ಕರೆದುಕೊಂಡು ಹೋಗಿ’ ಎಂಬ ಮಾತು ತಲೆಮಾರುಗಳಿಂದ ಇದೆ. ಕೃಷ್ಣಗಿರಿಯಿಂದ ಅಲ್ಲಿಗೆ ಸುಮಾರು 120 ಕಿ.ಮೀ. ರೋಗಿ ನೋಡುವ ಆಸ್ಪತ್ರೆಯಾಗಿರುವಷ್ಟೇ ಅದು ಸಾಂಕ್ರಾಮಿಕಗಳ ಮೇಲೆ ಕಣ್ಣಿಟ್ಟ ಲ್ಯಾಬು ಕೂಡ. 1986ರಲ್ಲಿ ಮದ್ರಾಸಿನಿಂದ ಬಂದ ರಕ್ತದ ಮಾದರಿಗಳಲ್ಲಿ ಭಾರತದ ಮೊದಲ ಎಚ್.ಐ.ವಿ. ಸೋಂಕು ಪತ್ತೆಯಾದದ್ದು ಅಲ್ಲಿ. ವರ್ಷವರ್ಷವೂ ಯಾವ ವಿಬ್ರಿಯೋ ಎಷ್ಟು ಸಿಕ್ಕಿತೆಂದು ಬರೆದಿಟ್ಟುಕೊಳ್ಳುವ ಶಿಸ್ತು ಅಲ್ಲಿದ್ದುದರಿಂದ, ಓ-1 ಅಲ್ಲದವು ದಿಢೀರನೆ ಮೇಲೆದ್ದು ಎಲ್ ಟೋರ್ ಹಿಂದಕ್ಕೆ ಸರಿದದ್ದು ಲೆಕ್ಕದಲ್ಲೇ ಕಂಡಿತು. ಮೇರಿ ಜೇಸುದಾಸನ್ ಮತ್ತು ಟಿ. ಜೇಕಬ್ ಜಾನ್ 1993ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಈ ಪಲ್ಲಟವನ್ನು ಬರೆದು ಕಳುಹಿಸಿದರು.

ಅಷ್ಟರಲ್ಲಿ ರೋಗ ಬಂಗಾಳ ಕೊಲ್ಲಿಯ ಅಂಚು ಹಿಡಿದು ಮೇಲಕ್ಕೆ ಹೋಗಿತ್ತು. ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಕಾಣಿಸಿಕೊಂಡು, ಜನವರಿಯ ಹೊತ್ತಿಗೆ ಅಲ್ಲಿನ ಓ-1ನ್ನು ಹೆಚ್ಚುಕಡಿಮೆ ಹೊರದಬ್ಬಿತು. ಬೇಲಿಯಾಘಾಟಾದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಪಕ್ಕದಲ್ಲೇ ಆಗಿನ ರಾಷ್ಟ್ರೀಯ ಕಾಲರಾ ಮತ್ತು ಕರುಳು ರೋಗಗಳ ಸಂಸ್ಥೆ ಇತ್ತು. ಅಲ್ಲಿನ ಟಿ. ರಾಮಮೂರ್ತಿ, ಜಿ. ಬಾಲಕೃಷ್ ನಾಯರ್ ಮೊದಲಾದವರು ಮದ್ರಾಸಿನ, ಮಧುರೆಯ, ವೇಲೂರಿನ, ಕಲ್ಕತ್ತೆಯ ವಿಬ್ರಿಯೋಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಓ-1 ಅಲ್ಲ ಎಂಬುದೊಂದೇ ಉತ್ತರವಾಗಿದ್ದರೆ ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು. ಅವರು ವಿಷವನ್ನು ಹುಡುಕಿದರು. ಕಾಲರಾದ ಭೇದಿಗೆ ಕಾರಣ ಬ್ಯಾಕ್ಟೀರಿಯಾ ಸ್ರವಿಸುವ ಒಂದು ವಿಷ ಎಂದು 1959ರಲ್ಲಿ ಮೊಲದ ಕರುಳಿನ ತುಂಡಿನಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯವರೇ ಆದ ಶಂಭುನಾಥ್ ಡೇ. ಹೊಸ ವಿಬ್ರಿಯೋ ಆ ವಿಷವನ್ನು ಧಾರಾಳವಾಗಿ ಉತ್ಪಾದಿಸುತ್ತಿತ್ತು. ರಾಮಮೂರ್ತಿ ಮತ್ತು ಸಂಗಡಿಗರ ವರದಿ 1993ರ ಮಾರ್ಚಿನಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು.

ಹಾಗಾದರೆ ಇದು 137ರಲ್ಲಿ ಯಾವುದು? ಉತ್ತರ ಹೇಳಬಲ್ಲ ಪೂರ್ತಿ ಸೀರಂ ಸಂಗ್ರಹ ಇದ್ದದ್ದು ಟೋಕಿಯೋದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ತೋಶಿಯೋ ಶಿಮಾಡಾ ಅವರ ಬಳಿ. ಭಾರತದಿಂದಲೂ ಬಾಂಗ್ಲಾದೇಶದಿಂದಲೂ ಹೋದ ವಿಬ್ರಿಯೋಗಳನ್ನು ಪಟ್ಟಿಯಲ್ಲಿದ್ದ ಅಷ್ಟೂ ಸೀರಂಗಳಿಗೆ ಒಡ್ಡಿದರೆ ಒಂದಕ್ಕೂ ಗರಣೆ ಕಟ್ಟಲಿಲ್ಲ. ಪಟ್ಟಿಗೆ ಹೊಸ ಸಾಲು ಸೇರಿತು: ಓ-139. ಬಂಗಾಳ ಕೊಲ್ಲಿಯ ತೀರದಲ್ಲಿ ಮೊದಲು ಕಂಡದ್ದರಿಂದ ‘ಬೆಂಗಾಲ್’ ಎಂಬ ಇನ್ನೊಂದು ಹೆಸರೂ ಬಂತು.

1992ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ದಕ್ಷಿಣ ತೀರದಲ್ಲಿ ಶುರುವಾದ ಪಿಡುಗು 1993ರ ಮೊದಲ ಮೂರು ತಿಂಗಳಲ್ಲೇ ಅಲ್ಲಿ ಲಕ್ಷಕ್ಕೂ ಮೀರಿದ ಜನರನ್ನು ಹಿಡಿಯಿತು. ಸತ್ತವರು ಸಾವಿರಕ್ಕೂ ಹೆಚ್ಚು. ಢಾಕಾದ ಅತಿಸಾರ ಸಂಶೋಧನಾ ಕೇಂದ್ರದ ಎಂ. ಜಾನ್ ಆಲ್ಬರ್ಟ್ ಮತ್ತು ಸಂಗಡಿಗರ ವರದಿಯಲ್ಲಿ ಒಂದು ವಿವರ ಎದ್ದು ಕಾಣುತ್ತದೆ. ಕಾಲರಾ ಬೀಡುಬಿಟ್ಟ ನಾಡಿನಲ್ಲಿ ಸಾಮಾನ್ಯವಾಗಿ ಅದು ಹಿಡಿಯುವುದು ಮಕ್ಕಳನ್ನು. ದೊಡ್ಡವರು ಹಿಂದೆ ಎಂದೋ ಸೋಂಕಿಗೆ ಒಡ್ಡಿಕೊಂಡು ಪ್ರತಿರಕ್ಷೆ ಗಳಿಸಿರುತ್ತಾರೆ. ಈ ಸಲ ವಾರ್ಡು ತುಂಬಿದವರು ಹೆಚ್ಚಾಗಿ ದೊಡ್ಡವರು. ಬಾಳೆಲ್ಲ ಓ-1 ನಡುವೆ ಬದುಕಿದವರ ಮೈ ಈ ಹೊಸ ವಿಬ್ರಿಯೋವನ್ನು ಗುರುತಿಸಲಿಲ್ಲ. ಲ್ಯಾಬಿನ ಮೊಲದ ಸೀರಂ ಯಾಕೆ ಸೋತಿತೋ ಅವರ ರಕ್ತವೂ ಅದೇ ಕಾರಣಕ್ಕೆ ಸೋತಿತು.

ಚಿಕಿತ್ಸೆಗೆ ಮಾತ್ರ ಗುಂಪಿನ ಹಂಗಿರಲಿಲ್ಲ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಬೆರೆಸಿ ಕುಡಿಸಿದ ಉಪ್ಪು-ಸಕ್ಕರೆಯ ನೀರೇ, ನಾಡಿ ಕುಸಿದವರಿಗೆ ನರಕ್ಕೆ ಏರಿಸುವ ಸಲೈನೇ, ಓ-139ಕ್ಕೂ ಮದ್ದು. ಬೇಗ ಆಸ್ಪತ್ರೆ ಮುಟ್ಟಿದವರು ಬದುಕಿದರು. ಔಷಧಿಯಲ್ಲಿ ಒಂದು ವ್ಯತ್ಯಾಸವಿತ್ತು, ಟೆಟ್ರಾಸೈಕ್ಲಿನ್ ಕೆಲಸ ಮಾಡಿತು, ಕೋಟ್ರೈಮಾಕ್ಸಜೋಲ್ ಮಾಡಲಿಲ್ಲ.

ಹೊಸ ಜೀವಿ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಮುಂದಿನ ಎರಡು ಮೂರು ವರ್ಷಗಳಲ್ಲಿ ವಂಶವಾಹಿಗಳು ಉತ್ತರ ಹೇಳಿದವು. ಓ-139 ಬೇರೆ ಯಾರೂ ಅಲ್ಲ, ಏಳನೆಯ ಪಿಡುಗಿನ ಅದೇ ಓ-1 ಎಲ್ ಟೋರ್. ಹೊರಗೋಡೆಯ ಸಕ್ಕರೆ ಸರಪಳಿ ಹೆಣೆಯುವ ಸುಮಾರು 22 ಸಾವಿರ ಬೇಸ್ ಜೋಡಿಗಳ ವಂಶವಾಹಿ ತುಂಡು ಅದರಿಂದ ಕಳಚಿಹೋಗಿ, ಬೇರೊಂದು ವಿಬ್ರಿಯೋದಿಂದ ಬಂದ ಸುಮಾರು 35 ಸಾವಿರ ಬೇಸ್ ಜೋಡಿಗಳ ತುಂಡು ಆ ಜಾಗದಲ್ಲಿ ಕೂತಿತ್ತು. ದಾನಿ ಓ-22 ಗುಂಪಿನದೋ ಅದರ ಹತ್ತಿರದ್ದೋ ಇರಬಹುದೆಂಬ ಊಹೆ. ಕೋಟ್ರೈಮಾಕ್ಸಜೋಲ್ ನಿರೋಧ ಇನ್ನೊಂದು ಅಲೆಮಾರಿ ವಂಶವಾಹಿ ತುಂಡಿನ ಜೊತೆ ಬಂದಿತ್ತು. ಹಳೆಯ ಆಸಾಮಿ ಅಂಗಿ ಬದಲಿಸಿ ಬಂದಿದ್ದ, ಬಾಗಿಲಲ್ಲಿ ಅಂಗಿಯ ಬಣ್ಣ ನೋಡಿ ಒಳಬಿಡುವವರಿಗೆ ಗುರುತು ಸಿಕ್ಕಿರಲಿಲ್ಲ.

ಇಲ್ಲಿ ವೆಂಕಟರಾಮನ್ ಮತ್ತು ಗಾರ್ಡನರ್ ಅವರನ್ನು ದೂರುವುದು ಅನ್ಯಾಯ. ಅವರ ವಿಂಗಡಣೆ ಸುಳ್ಳಾಗಲಿಲ್ಲ. ಓ ಆಂಟಿಜೆನ್ ನೋಡಿ ಗುಂಪು ಮಾಡಿದರೆ ನಮ್ಮ ದೇಹ ಯಾವುದನ್ನು ನೆನಪಿಟ್ಟುಕೊಂಡಿದೆ, ಯಾವುದನ್ನು ಇಲ್ಲ ಎಂಬುದು ತಿಳಿಯುತ್ತದೆ. ಓ-139 ದೊಡ್ಡವರನ್ನು ಕೆಡವಿದ್ದು ಈ ಮಾತನ್ನು ಎಲ್ಲಕ್ಕಿಂತ ಗಟ್ಟಿಯಾಗಿ ರುಜುವಾತು ಮಾಡಿತು. ವಿಷ ಎಲ್ಲಿದೆ, ಊರು ಹಿಡಿಯುವ ತಾಕತ್ತು ಯಾವುದಕ್ಕಿದೆ ಎಂದು ಹೊರಗೋಡೆ ಹೇಳುವುದಿಲ್ಲ. 1935ರಲ್ಲಿ ಕೈಗೆ ಸಿಕ್ಕ ವಿಬ್ರಿಯೋಗಳಲ್ಲಿ ಓ-1 ಹೊರಗೋಡೆಯೂ ಊರು ಹಿಡಿಯುವ ತಾಕತ್ತೂ ಒಂದೇ ಕಡೆ ಇದ್ದವು. ಅವು ಸದಾ ಜೊತೆಗೇ ಇರುತ್ತವೆಂದು ಆಮೇಲಿನವರು ತಾವಾಗಿಯೇ ಸೇರಿಸಿಕೊಂಡರು. 1905ರ ಎಲ್ ಟೋರ್ ಪ್ರಸಂಗ ಅದಕ್ಕೆ ಮುನ್ನೆಚ್ಚರಿಕೆಯಾಗಬಹುದಿತ್ತು, ಎಲ್ ಟೋರ್ ಕೊನೆಗೆ ಸೀರಂನ ಪಕ್ಷಕ್ಕೇ ತಿರುಗಿದ್ದರಿಂದ ಆಗಲಿಲ್ಲ.

1993ರಲ್ಲಿ ಎಂಟನೆಯ ಜಾಗತಿಕ ಪಿಡುಗು ಶುರುವಾಯಿತೆಂದೇ ತಜ್ಞರು ಭಾವಿಸಿದ್ದರು. ಓ-139 ಪಾಕಿಸ್ತಾನ, ನೇಪಾಳ, ಥಾಯ್ಲೆಂಡ್, ಮಲೇಷ್ಯಾ, ಚೀನಾಗಳವರೆಗೆ ಹೋಯಿತು. ಏಷ್ಯಾದಿಂದ ಆಚೆಗೆ ನೆಲೆಯೂರಲಿಲ್ಲ. 1994ರ ಹೊತ್ತಿಗೆ ಓ-1 ಎಲ್ ಟೋರ್ ಕಳೆದುಕೊಂಡ ಜಾಗವನ್ನು ಮರಳಿ ಹಿಡಿಯಿತು. 1996ರಲ್ಲಿ ಕಲ್ಕತ್ತೆಯಲ್ಲೂ 2002ರಲ್ಲಿ ಢಾಕಾದಲ್ಲೂ ಓ-139 ಮತ್ತೆ ತಲೆ ಎತ್ತಿ, ಆಮೇಲೆ ಕ್ರಮೇಣ ಅಪರೂಪವಾಯಿತು.

ಯಾಕೆ ಸೋತಿತು ಎಂದು ತಿಳಿಯಲು ಮೂವತ್ತು ವರ್ಷ ಕಾಯಬೇಕಾಯಿತು. 2022ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ನಲ್ಲಿ 330 ಓ-139 ವಿಬ್ರಿಯೋಗಳ ಪೂರ್ಣ ಜೀನೋಮ್ ಓದಿದ ಅಧ್ಯಯನ ಬಂತು. 1993ರ ವರದಿಯ ಮೊದಲ ಹೆಸರಾಗಿದ್ದ ರಾಮಮೂರ್ತಿಯವರೇ ಇಲ್ಲೂ ಮೊದಲಿಗರು, ಸಹಲೇಖಕರಲ್ಲಿ ವೇಲೂರಿನ ಬಾಲಾಜಿ ವೀರರಾಘವನ್ ಮತ್ತು ಅಲ್ಲಿನ ಸಂಶೋಧಕರಿದ್ದಾರೆ. ಓ-139 ಒಂದರ ಹಿಂದೆ ಒಂದರಂತೆ ಮೂರು ಅಲೆಗಳಲ್ಲಿ ಬದಲಾಯಿತು, ಆ ದಾರಿಯಲ್ಲಿ ಔಷಧ ನಿರೋಧದ ವಂಶವಾಹಿಗಳನ್ನು ಕಳೆದುಕೊಂಡಿತು, ವಿಷದ ವಂಶವಾಹಿಯೂ ರೂಪ ಬದಲಿಸಿತು. ಅದೇ ಕಾಲದಲ್ಲಿ ಓ-1 ಔಷಧಗಳನ್ನು ಎದುರಿಸಲು ಹೆಚ್ಚು ಹೆಚ್ಚು ಕಲಿಯಿತು. ಇಂಥ ಅಧ್ಯಯನ ಸಾಧ್ಯವಾದದ್ದು ಗರಣೆ ಕಟ್ಟದ ಆ ವಿಬ್ರಿಯೋಗಳನ್ನು ಲ್ಯಾಬುಗಳು ಚರಂಡಿಗೆ ಚೆಲ್ಲದೆ ಜೋಪಾನ ಮಾಡಿದ್ದರಿಂದ.

1992ರ ಗುರುತು ಇಂದಿನ ಲ್ಯಾಬಿನಲ್ಲಿ ಹಲವು ಕಡೆ ಉಳಿದಿದೆ. ಸೀರಂ ಪೆಟ್ಟಿಗೆಯಲ್ಲಿ ಓ-1 ಸೀಸೆಯ ಪಕ್ಕ ಓ-139 ಸೀಸೆ ಬಂತು. ಸೂರತ್ತಿನಲ್ಲಿ ತಯಾರಾಗುವ ಕಾಲರಾ ಡಿಪ್‌ಸ್ಟಿಕ್‌ನಲ್ಲಿ ಎರಡಕ್ಕೂ ಒಂದೊಂದು ಗೆರೆ ಮೂಡುತ್ತದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ತಯಾರಿಸಿ 2009ರಲ್ಲಿ ಭಾರತದಲ್ಲಿ ಪರವಾನಗಿ ಪಡೆದ ಬಾಯಿ ಮೂಲಕ ಕೊಡುವ ಲಸಿಕೆಯಲ್ಲಿ ಎರಡೂ ಗುಂಪಿನ ಸಾಯಿಸಿದ ವಿಬ್ರಿಯೋಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಕಾಲರಾ ಎಂದು ಲೆಕ್ಕ ಇಡುವುದು ಓ-1 ಅಥವಾ ಓ-139 ಇದ್ದರೆ. 2022ರ ಜನವರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾದ ಮೇಲೆ ಕೃಷ್ಣಗಿರಿಯ ಹುಡುಗ ಹುಡುಗಿಯರು ತಮ್ಮ ಊರಿನಲ್ಲೇ ಈ ಪಾಠ ಓದುತ್ತಾರೆ.

ಆದರೆ ಸೀಸೆ ಒಂದಿದ್ದದ್ದು ಎರಡಾದರೆ ಪಾಠ ಮುಗಿಯಿತು ಎನ್ನುವಂತಿಲ್ಲ. ವಿಬ್ರಿಯೋ ಗುಂಪುಗಳ ಪಟ್ಟಿ ಈಗ 200 ದಾಟಿದೆ. ಹೊರಗೋಡೆಯ ವಂಶವಾಹಿ ಒಮ್ಮೆ ಅದಲುಬದಲಾದದ್ದು ಇನ್ನೊಮ್ಮೆ ಆಗಬಾರದೆಂದು ನಿಯಮವಿಲ್ಲ. ಅದಕ್ಕೇ ಈಗಿನ ಕಾರ್ಯವಿಧಾನದಲ್ಲಿ ಸೀರಂ ಕೊನೆಯ ತೀರ್ಪುಗಾರನಾಗಿ ಉಳಿದಿಲ್ಲ. ರೋಗಿಗೆ ಅಕ್ಕಚ್ಚಿನಂಥ ಭೇದಿ ಇದ್ದು, ಒಂದೇ ಊರಿನಿಂದ ಹಲವರು ಬಂದು, ಬೆಳೆದ ವಿಬ್ರಿಯೋ ಎರಡೂ ಸೀರಂಗೆ ಗರಣೆ ಕಟ್ಟದಿದ್ದರೆ, ‘ಕಾಲರಾ ಅಲ್ಲ’ ಎಂದು ಬರೆದು ಮುಗಿಸುವುದಿಲ್ಲ. ವಿಷದ ವಂಶವಾಹಿ ಇದೆಯೇ ಎಂದು ನೋಡಬೇಕು, ಆ ವಿಬ್ರಿಯೋವನ್ನು ದೊಡ್ಡ ಲ್ಯಾಬಿಗೆ ಕಳುಹಿಸಬೇಕು, ಅಲ್ಲಿಯವರೆಗೆ ಊರಿನ ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸಬಾರದು.